ಮಕ್ಕಳ ಹಲ್ಲಿನ ಕ್ಲಿಪ್: ಇಬ್ಬರ ಚಿಕಿತ್ಸೆ, ಎರಡು ಬಗೆಯ ಪಾವತಿ

ದಾವಣಗೆರೆಯಲ್ಲಿ ನಮ್ಮ ಮಗಳಿಗೆ ಖಾಸಗಿ ಕ್ಲಿನಿಕ್ಕಿನಲ್ಲಿಯೂ ಮಗನಿಗೆ ದಂತ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿಯೂ ಕ್ಲಿಪ್ ಹಾಕಿಸಿದ್ದೆವು. ಎರಡೂ ಚಿಕಿತ್ಸೆಗಳು ಮುಗಿದಿವೆ. ಹಲ್ಲುಗಳನ್ನು ನೋಡಿ ಯಾವುದು ಎಲ್ಲಿ ಆದದ್ದು ಎಂದು ಹೇಳುವುದು ಕಷ್ಟ. ಅನುಭವ ಬೇರೆಯಾದದ್ದು ಹಣ ಕಟ್ಟಿದ ಕ್ರಮದಲ್ಲಿ. ಆದ್ದರಿಂದ ಈ ವಿಮರ್ಶೆಯೂ ಹೆಚ್ಚಾಗಿ ಅದರ ಬಗ್ಗೆಯೇ ಇದೆ.

ಲೋಹದ ಕ್ಲಿಪ್ಪಿಗೆ ಕ್ಲಿನಿಕ್ಕಿನವರು ಮೊದಲ ಭೇಟಿಯಲ್ಲಿ ಹೇಳಿದ್ದು ಸುಮಾರು 40,000 ರೂಪಾಯಿ. ಹಲ್ಲಿನ ಬಣ್ಣದ ಸೆರಾಮಿಕ್ ಕ್ಲಿಪ್ಪಿಗೆ ಇನ್ನೂ ಹೆಚ್ಚು, ತೆಗೆದು ಹಾಕಬಹುದಾದ ಪಾರದರ್ಶಕ ಅಲೈನರ್‌ಗಳಿಗೆ ಲಕ್ಷಕ್ಕೂ ಮೀರಿದ ಮೊತ್ತ. ಆ 40,000ದಲ್ಲಿ ಹಲ್ಲಿಗೆ ಅಂಟಿಸುವ ಬ್ರಾಕೆಟ್ ಎಂಬ ಸಣ್ಣ ತುಣುಕುಗಳು, ತಂತಿ ಹಾಗೂ ತಿಂಗಳಿಗೊಮ್ಮೆ ತಂತಿ ಬಿಗಿ ಮಾಡುವ ಭೇಟಿ ಮಾತ್ರ ಸೇರಿದ್ದವು. ಚಿಕಿತ್ಸೆಗೆ ಮೊದಲು ತೆಗೆಸಲೇಬೇಕಾದ ಓಪಿಜಿ ಮತ್ತು ಲ್ಯಾಟರಲ್ ಸೆಫ್ ಎಂಬ ಎರಡು ಎಕ್ಸ್‌ರೇಗಳು, ಹಲ್ಲು ಶುಚಿ ಮಾಡಿಸುವುದು, ದವಡೆಯಲ್ಲಿ ಜಾಗ ಸಾಲದ ಕಾರಣ ಕೋರೆಹಲ್ಲಿನ ಹಿಂದಿನ ನಾಲ್ಕು ಹಲ್ಲುಗಳನ್ನು ಕೀಳಿಸಿದ್ದು, ಕೊನೆಯಲ್ಲಿ ಹಲ್ಲುಗಳು ಸರಿಯದಂತೆ ಹಿಡಿದಿಡಲು ಕೊಡುವ ರಿಟೇನರ್ ಇವೆಲ್ಲಕ್ಕೂ ಬೇರೆ ಬೇರೆ ಬಿಲ್ಲುಗಳಾದವು. ಬ್ರಾಕೆಟ್ ಕಿತ್ತುಬಂದರೆ ಮರಳಿ ಅಂಟಿಸುವುದಕ್ಕೂ ಶುಲ್ಕವಿತ್ತು. ಸಂಕ್ರಾಂತಿಯ ಕಬ್ಬು ಮತ್ತು ದೀಪಾವಳಿಯ ಚಕ್ಕುಲಿ ನಮಗೆ ಆ ಲೆಕ್ಕದಲ್ಲಿ ದುಬಾರಿಯಾದವು. ಇವನ್ನೆಲ್ಲ ಕೂಡಿಸಿದರೆ ಹೇಳಿದ ಮೊತ್ತದ ಮೇಲೆ ಕಾಲುಭಾಗಕ್ಕೂ ಹೆಚ್ಚು ಖರ್ಚಾಗಿದೆ.

ಇಷ್ಟನ್ನು ಸಹಿಸಬಹುದಿತ್ತು, ನನಗೆ ಒಪ್ಪಿಗೆಯಾಗದೆ ಉಳಿದದ್ದು ಅಲ್ಲಿನ 'ಬಡ್ಡಿಯಿಲ್ಲದ ಇಎಂಐ'. ಫೈನಾನ್ಸ್ ಕಂಪನಿಯೊಂದು ಪೂರ್ತಿ ಹಣವನ್ನು ಮೊದಲೇ ಕ್ಲಿನಿಕ್ಕಿಗೆ ಕೊಟ್ಟುಬಿಡುತ್ತದೆ, ನಾವು ಅದನ್ನು ಕಂಪನಿಗೆ ತಿಂಗಳು ತಿಂಗಳು ಕಟ್ಟಬೇಕು. ಸೊನ್ನೆ ಬಡ್ಡಿ ಎಂಬುದೇ ಇಲ್ಲ, ಬಡ್ಡಿಯನ್ನು ಪ್ರೊಸೆಸಿಂಗ್ ಶುಲ್ಕದ ರೂಪದಲ್ಲಿ ಮರೆಮಾಡಬಾರದು ಎಂದು ರಿಸರ್ವ್ ಬ್ಯಾಂಕ್ 2013ರಲ್ಲಿಯೇ ಬ್ಯಾಂಕುಗಳಿಗೆ ತಿಳಿಸಿದ್ದರೂ, ನಮ್ಮ ಕಾಗದದಲ್ಲಿ ಪ್ರೊಸೆಸಿಂಗ್ ಶುಲ್ಕವೂ ಅದರ ಮೇಲೆ ಶೇಕಡಾ 18ರ ಜಿಎಸ್‌ಟಿಯೂ ಇದ್ದವು. ಆ ಮೊತ್ತ ದೊಡ್ಡದಲ್ಲ. ತೊಂದರೆ ಬಂದದ್ದು ಚಿಕಿತ್ಸೆಯ ನಡುವೆ. ಕ್ಲಿಪ್ಪಿನ ತಜ್ಞರು ಆ ಕ್ಲಿನಿಕ್ಕಿನ ಕಾಯಂ ವೈದ್ಯರಾಗಿರದೆ ತಿಂಗಳಿಗೆ ಎರಡು ದಿನ ಬೇರೆ ಊರಿನಿಂದ ಬರುತ್ತಿದ್ದರು. ಅವರು ಬರುವುದನ್ನು ನಿಲ್ಲಿಸಿದ ಮೇಲೆ ಹೊಸಬರು ಸಿಗುವವರೆಗೆ ಕೆಲಸ ನಿಂತಿತು, ಆದರೆ ಬ್ಯಾಂಕ್ ಖಾತೆಯಿಂದ ಕಂತು ಮಾತ್ರ ತಪ್ಪದೆ ಕಡಿತವಾಗುತ್ತಿತ್ತು. ಕೇಳಿದರೆ ಕ್ಲಿನಿಕ್ಕಿನವರು ಸಾಲ ಕಂಪನಿಯದು ಎಂದರು, ಕಂಪನಿಯವರು ಚಿಕಿತ್ಸೆ ಕ್ಲಿನಿಕ್ಕಿನದು ಎಂದರು. ಹಣ ಪೂರ್ತಿ ಕೈಸೇರಿದ ಮೇಲೆ ಅವಸರಪಡಲು ಯಾರಿಗೆ ಕಾರಣವಿರುತ್ತದೆ?

ಮಗನ ಸರದಿ ಬಂದಾಗ ಕಾಲೇಜು ಆಸ್ಪತ್ರೆಯನ್ನು ಆರಿಸಿಕೊಂಡದ್ದು ಈ ಕಾರಣಕ್ಕಾಗಿ. ಒಟ್ಟು ಖರ್ಚು ಮಗಳ ಚಿಕಿತ್ಸೆಯ ಅರ್ಧದಷ್ಟಾಯಿತು. ಅದಕ್ಕಿಂತ ಮುಖ್ಯವಾಗಿ, ಬ್ರಾಕೆಟ್ ಅಂಟಿಸಿದ ದಿನ ಒಂದು ಭಾಗ, ನಂತರ ಕೆಲಸ ಮುಂದುವರಿದಂತೆ ಉಳಿದ ಕಂತುಗಳು ಎಂದು ಹಂತಹಂತವಾಗಿ ಕೌಂಟರಿನಲ್ಲಿ ಕಟ್ಟಿ ರಸೀದಿ ಪಡೆಯುವ ವ್ಯವಸ್ಥೆ ಅಲ್ಲಿತ್ತು. ಚಿಕಿತ್ಸೆ ಮಾಡುವವರು ದಂತ ವೈದ್ಯಕೀಯದ ಸ್ನಾತಕೋತ್ತರ ಪದವಿಯಾದ ಎಂಡಿಎಸ್ ಓದುತ್ತಿರುವ ವೈದ್ಯರು, ಪ್ರತಿ ಹಂತವನ್ನೂ ಪ್ರಾಧ್ಯಾಪಕರು ಬಂದು ಪರಿಶೀಲಿಸುತ್ತಾರೆ. ಎಂಡಿಎಸ್ ಮೂರು ವರ್ಷದ ಕೋರ್ಸ್ ಆದುದರಿಂದ, ಅಂತಿಮ ವರ್ಷದವರ ಕೈಗೆ ಸಿಕ್ಕ ಮಗುವನ್ನು ಅವರು ಹೋಗುವಾಗ ಕಿರಿಯರಿಗೆ ಒಪ್ಪಿಸಿ ಹೋಗುತ್ತಾರೆ. ಎರಡು ವರ್ಷದ ಹತ್ತಿರ ನಡೆಯುವ ಚಿಕಿತ್ಸೆಗೆ ಮೊದಲ ವರ್ಷದವರೇ ಸಿಕ್ಕರೆ ಅನುಕೂಲ, ಇದನ್ನು ಸಂಕೋಚವಿಲ್ಲದೆ ವಿಚಾರಿಸಬಹುದು. ಪ್ರತಿ ಭೇಟಿಗೂ ಅರ್ಧ ದಿನ ಹಿಡಿಯುತ್ತದೆ, ಸಂಜೆಯ ಸಮಯ ಸಿಗುವುದಿಲ್ಲ, ಶಾಲೆಗೆ ರಜೆ ಹಾಕಿಸಬೇಕು. ತಂದೆ ತಾಯಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳಿಗೆ ಈ ರಜೆಗಳ ಬೆಲೆಯೂ ಲೆಕ್ಕಕ್ಕೆ ಬರಬೇಕು.

ನಮ್ಮ ಕುಟುಂಬದ ಆರೋಗ್ಯ ವಿಮೆಯಿಂದ ಒಂದು ರೂಪಾಯಿಯೂ ಬರಲಿಲ್ಲ. ಇಂಥ ಪಾಲಿಸಿಗಳು ಸಾಮಾನ್ಯವಾಗಿ ಅಪಘಾತದಿಂದ ಆದ ಹಲ್ಲಿನ ಗಾಯಕ್ಕೆ ಮಾತ್ರ ಹಣ ಕೊಡುತ್ತವೆ.

ಕ್ಲಿಪ್ ತೆಗೆದ ದಿನಕ್ಕೆ ಖರ್ಚು ಮುಗಿಯುವುದಿಲ್ಲ. ಹಲ್ಲುಗಳು ಹಳೆಯ ಜಾಗಕ್ಕೆ ಸರಿಯಲು ಯತ್ನಿಸುವುದರಿಂದ ರಿಟೇನರ್ ಧರಿಸಲೇಬೇಕು. ಮೊದಲು ಇಡೀ ದಿನ, ಆಮೇಲೆ ರಾತ್ರಿ ಹೊತ್ತು, ಅದೂ ವರ್ಷಗಟ್ಟಲೆ. ಪಾರದರ್ಶಕ ಪ್ಲಾಸ್ಟಿಕ್ಕಿನದು ಅಂದವಾಗಿ ಕಾಣುತ್ತದೆ, ಆದರೆ ಬಿಸಿನೀರಿನಲ್ಲಿ ತೊಳೆದರೆ ಸೊಟ್ಟಗಾಗುತ್ತದೆ, ಬಳಸುತ್ತ ಬಿರುಕು ಬಿಡುತ್ತದೆ. ಮಗನಿಗೆ ಕಾಲೇಜಿನಲ್ಲಿ ಕೊಟ್ಟ ತಂತಿಯ ರಿಟೇನರ್ ನೋಡಲು ಒರಟಾದರೂ ಇನ್ನೂ ಗಟ್ಟಿಯಾಗಿದೆ. ಮಗಳ ಕೆಳದವಡೆಯ ರಿಟೇನರ್ ಸೀಳಿದಾಗ ಕ್ಲಿನಿಕ್ಕಿನವರು ಮೊದಲು ಎರಡೂ ದವಡೆಗಳ ಜೋಡಿಗೆ ದರ ಹೇಳಿದರು. ಒಂದನ್ನೇ ಮಾಡಿಕೊಡಿ ಎಂದು ಕೇಳಿದ ಮೇಲೆ ಅರ್ಧ ಹಣಕ್ಕೆ ಮಾಡಿಕೊಟ್ಟರು.