ಮಲೆನಾಡಿನ ಹಂಚಿನ ಮನೆಗೆ ವಿಕ್ಟೋರಿಯನ್ ಬಣ್ಣ: ಯಾವ ಪೇಂಟ್ ನಿಲ್ಲುತ್ತದೆ, ಯಾವುದು ಚಕ್ಕೆ ಏಳುತ್ತದೆ

ಸ್ಯಾನ್ ಫ್ರಾನ್ಸಿಸ್ಕೊದ ಅಲಮೊ ಚೌಕದೆದುರು ಸಾಲಾಗಿ ನಿಂತ ಬಣ್ಣದ ವಿಕ್ಟೋರಿಯನ್ (ವಿಕ್ಟೋರಿಯಾ ರಾಣಿಯ ಕಾಲದ ಶೈಲಿಯ) ಮನೆಗಳ ಫೋಟೋ ನೋಡದವರು ಕಡಿಮೆ. 1892ರಿಂದ 1896ರ ನಡುವೆ ಕಟ್ಟಿದ ಆ ಮನೆಗಳಿಗೆ ಈಗಿನ ಬಣ್ಣದ ವೈಭವ ಬಂದದ್ದು 1960ರ ದಶಕದಿಂದ ಈಚೆಗೆ. ಗೋಡೆಗೊಂದು ಮೈಬಣ್ಣ, ಕಿಟಕಿ ಬಾಗಿಲ ಚೌಕಟ್ಟಿಗೆ ಇನ್ನೊಂದು, ಕೆತ್ತನೆ ಎದ್ದು ಕಾಣಲು ಮತ್ತೊಂದು, ಹೀಗೆ ಕನಿಷ್ಠ ಮೂರು ಬಣ್ಣ. ಫೋಟೋದಲ್ಲಿ ಗೊತ್ತಾಗದ ಸಂಗತಿ ಒಂದಿದೆ: ಅವು ಮರದ ಮನೆಗಳು. ಗೋಡೆಯೂ ರೆಡ್‌ವುಡ್ ಹಲಗೆಯೇ. ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆಯ ಹಳೆ ಮನೆಯ ಗೋಡೆ ಜಂಬಿಟ್ಟಿಗೆಯದ್ದೋ ಮಣ್ಣಿನದ್ದೋ ಆಗಿರುತ್ತದೆ, ಮೇಲೆ ಸುಣ್ಣದ ಗಾರೆ. ಆ ಬಣ್ಣಗಾರಿಕೆಯನ್ನು ಇಲ್ಲಿ ತರಬೇಕೆಂದರೆ ಅದು ಕಂಬ, ಬಾಗಿಲು, ಕಿಟಕಿ, ಸೂರಿನ ಹಲಗೆಗೆ ಇರಲಿ. ಗೋಡೆಯನ್ನು ಸುಣ್ಣಕ್ಕೇ ಬಿಡಿ. ಪೇಟೆಯಲ್ಲಿ ಸಿಗುವ ಬಣ್ಣಗಳನ್ನು ಈ ಲೆಕ್ಕದಲ್ಲೇ ತೂಗಿದ್ದೇವೆ.

ಮೊದಲು ಎಕ್ಸ್‌ಟೀರಿಯರ್ ಎಮಲ್ಷನ್, ಎಂದರೆ ನೀರು ಬೆರೆಸಿ ಹೊರಗೋಡೆಗೆ ಬಳಿಯುವ ಬಣ್ಣ. ಸಿಮೆಂಟ್ ಪ್ಲಾಸ್ಟರಿನ ಹೊಸ ಮನೆಗೆ ಇದಕ್ಕಿಂತ ಒಳ್ಳೆಯ ಆಯ್ಕೆ ಕಾಣದು. ಹೊಸ ಪ್ಲಾಸ್ಟರ್ 28 ದಿನ ಕ್ಯೂರ್ ಆಗಿ ಒಣಗಿರಬೇಕು, ಒಂದು ಕೋಟ್ ಪ್ರೈಮರ್, ಮೇಲೆ ಎರಡು ಕೋಟ್ ಬಣ್ಣ. ನುಣುಪು ಗೋಡೆಗೆ ಎರಡು ಕೋಟ್ ಸೇರಿ ಲೀಟರಿಗೆ 50–60 ಚದರ ಅಡಿ ಬರುತ್ತದೆ, ಒರಟು ಗೋಡೆಗೆ ಅಷ್ಟು ಬಾರದು. ಆದರೆ ಇದೇ ಬಣ್ಣವನ್ನು ಹಳೆ ಸುಣ್ಣದ ಗೋಡೆಗೆ ಬಳಿದರೆ ಒಂದೆರಡು ಮಳೆಗಾಲದಲ್ಲಿ ಬಣ್ಣ ಬಯಲಾಗುತ್ತದೆ. ತಳಪಾಯದಿಂದ ಗೋಡೆಯೊಳಗೆ ಏರಿದ ತೇವ ಹೊರಗೆ ಹೋಗಲು ದಾರಿ ಹುಡುಕುತ್ತದೆ; ಎಮಲ್ಷನ್ನಿನ ಪದರ ತಡೆಯುತ್ತದೆ. ನೀರಿನ ಜೊತೆ ಬಂದ ಉಪ್ಪು ಪದರದ ಹಿಂದೆ ಗಟ್ಟಿಯಾಗಿ ಅದನ್ನು ನೂಕುತ್ತದೆ. ನೆಲದಿಂದ ಎರಡು ಮೂರು ಅಡಿಯವರೆಗೆ ಗುಳ್ಳೆ, ಆಮೇಲೆ ಚಕ್ಕೆ, ಚಕ್ಕೆಯ ಜೊತೆ ಗಾರೆಯೂ ಕಿತ್ತು ಬರುತ್ತದೆ. ಇನ್ನೊಂದು ಕೋಟ್ ಹೊಡೆದರೆ ಸರಿಹೋಗುವ ಕೇಸಲ್ಲ ಇದು. ‘ವಾಟರ್‌ಪ್ರೂಫ್’ ಎಂದು ಡಬ್ಬದ ಮೇಲೆ ಎಷ್ಟು ದಪ್ಪಕ್ಷರದಲ್ಲಿ ಬರೆದಿದ್ದರೂ ಹಳೆ ಗೋಡೆಗೆ ಅದೇ ಅಪಾಯ.

ಸಿಮೆಂಟ್ ಪೇಂಟ್ ಅಗ್ಗ. ಗೋಡೆ ನೆನೆಸಿ ಬಳಿದು, ಮರುದಿನ ನೀರು ಚಿಮುಕಿಸಿ ಕ್ಯೂರ್ ಮಾಡಬೇಕು. ಕಲಸಿದ್ದನ್ನು ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಹಳೆ ಸುಣ್ಣದ ಪುಡಿಯ ಮೇಲೆ ಕಚ್ಚುವುದಿಲ್ಲ. ಕಾಂಪೌಂಡ್ ಗೋಡೆಗೆ ಸಾಕು.

ಹಳೆ ಗೋಡೆಗೆ ನಮ್ಮ ಮತ ಸುಣ್ಣಕ್ಕೇ. ಶಿವಮೊಗ್ಗದ ಗಾಂಧಿ ಬಜಾರಿನಂಥ ಹಳೆ ಪೇಟೆಯಲ್ಲಿ ವಿಚಾರಿಸಿ, ಅರಳದ ಸುಣ್ಣವನ್ನೇ ತನ್ನಿ; ಗಾಳಿಗೆ ಅರಳಿ ಪುಡಿಯಾದದ್ದಕ್ಕೆ ಹಿಡಿತವಿಲ್ಲ. ನೀರಿಗೆ ಹಾಕಿ ಕನಿಷ್ಠ 24 ಗಂಟೆ ಬಿಡಿ. ಅರಳುವಾಗ ಕುದಿಯುತ್ತದೆ, ಕಣ್ಣಿಗೆ ಹಾರದಂತೆ ಎಚ್ಚರ, ಪ್ಲಾಸ್ಟಿಕ್ ಬಕೆಟ್ ಬೇಡ. ಕಿಲೋ ಸುಣ್ಣಕ್ಕೆ ಸುಮಾರು 5 ಲೀಟರ್ ನೀರು ಹಿಡಿದು ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಅಂಟು ಸೇರಿಸಿ. ಗೋಡೆಗೆ ನೀರು ಚಿಮುಕಿಸಿಕೊಂಡು ತೆಳ್ಳಗೆ ಮೂರು ಕೋಟ್. ದಪ್ಪಗೆ ಒಂದೇ ಸಲ ಬಳಿದರೆ ಮುಟ್ಟಿದವರ ಅಂಗಿಗೆಲ್ಲ ಸುಣ್ಣ. ಬಣ್ಣ ಬೇಕಿದ್ದರೆ ಕೆಂಪು, ಹಳದಿ, ಕಂದು ಆಕ್ಸೈಡ್ ಪುಡಿ ಬೆರೆಸಿ, ಸುಣ್ಣದ ತೂಕದ ಹತ್ತರಲ್ಲಿ ಒಂದು ಪಾಲು ಮೀರದಂತೆ. ಹೆಚ್ಚಾದರೆ ಉದುರುತ್ತದೆ. ಸುಣ್ಣದ ಖಾರಕ್ಕೆ ಎಲ್ಲ ಬಣ್ಣವೂ ತಾಳದು, ಆಕ್ಸೈಡ್ ತಾಳುತ್ತದೆ. ಅಂಗಳದ ಕೆಂಪು ಮಣ್ಣು ಮಳೆಗೆ ಸಿಡಿಯುವ ಎರಡಡಿ ಎತ್ತರಕ್ಕೆ ಕೆಂಪು ಪಟ್ಟಿ ಎಳೆಯುವ ಹಳಬರ ಪದ್ಧತಿ ಬರೀ ಚಂದಕ್ಕಲ್ಲ, ಕಲೆ ಅದರಲ್ಲೇ ಮುಚ್ಚಿಹೋಗುತ್ತದೆ. ಸುಣ್ಣದ ಕೊರತೆ ಎಂದರೆ ಎರಚಲು ಹೊಡೆಯುವ ಕಡೆ ವರ್ಷ ವರ್ಷವೂ ಬಳಿಯಬೇಕು.

ಮರದ ಕೆಲಸಕ್ಕೆ ಎನಾಮಲ್, ಎಂದರೆ ಹೊಳಪಿನ ಎಣ್ಣೆ ಬಣ್ಣ. ವಿಕ್ಟೋರಿಯನ್ ಸೊಗಸು ಬರುವುದು ಇಲ್ಲೇ, ಕೆಡುವುದೂ ಇಲ್ಲೇ. ಹಳೆ ಬಣ್ಣ ಏಳುತ್ತಿರುವ ಕಡೆಯಷ್ಟೂ ಕೆರೆಯಿರಿ, ಮೊದಲು 80 ನಂಬರ್, ನಂತರ 180ರ ಉಜ್ಜುಕಾಗದ. ದಶಕಗಳ ಹಿಂದಿನ ಬಣ್ಣವಾದರೆ ಒಣ ಉಜ್ಜಾಟ ಬೇಡ, ನೀರು ಹಾಕಿ ಉಜ್ಜಿ, ಮಾಸ್ಕ್ ಕಟ್ಟಿ, ಮಕ್ಕಳನ್ನು ದೂರವಿಡಿ: ಹಳೆ ಎನಾಮಲ್‌ಗಳಲ್ಲಿ ಸೀಸ ಇರುವ ಸಂಭವ ಹೆಚ್ಚು. ಸೀಸದ ಮಿತಿ ಹತ್ತು ಲಕ್ಷಕ್ಕೆ 90 ಪಾಲು ಎಂಬ ನಿಯಮ ನಮ್ಮಲ್ಲಿ ಜಾರಿಯಾದದ್ದು 2017ರಲ್ಲಿ. ನೀರಲ್ಲಿ ಉಜ್ಜಿದ ಮೇಲೆ ಮರ ಪೂರ್ತಿ ಒಣಗಲಿ. ನಂತರ ವುಡ್ ಪ್ರೈಮರ್, ಅದರ ಮೇಲೆ ಪುಟ್ಟಿ, ಮತ್ತೆ ಉಜ್ಜಿ ಎರಡು ತೆಳು ಕೋಟ್. ತೆಳುಮಾಡಲು ಟರ್ಪೆಂಟೈನ್ ಬಳಸಿ; ಸೀಮೆಎಣ್ಣೆ ಹಾಕಿದರೆ ಹೊಳಪು ಸತ್ತು ಅಂಟು ಉಳಿಯುತ್ತದೆ. ಮೊದಲ ಕೋಟ್ ರಾತ್ರಿಯಿಡೀ ಒಣಗದಿದ್ದರೆ ಎರಡನೆಯದು ಸುಕ್ಕುಗಟ್ಟುತ್ತದೆ.

ಬಾಗಿಲುವಾಡದ ಕೆತ್ತನೆಯ ತಾವರೆಯನ್ನು ಹತ್ತಿರದಿಂದ ನೋಡಿ. ಎಸಳು ಎಸಳಿನ ನಡುವಿನ ಗೀರಲ್ಲಿ ಬಣ್ಣ ಹೆಪ್ಪುಗಟ್ಟಿ, ಮೂರು ನಾಲ್ಕು ಸಲ ಬಳಿದ ಮೇಲೆ ಹೂ ಹೋಗಿ ಉಂಡೆ ಉಳಿದಿರುತ್ತದೆ. ಅಲ್ಲಿಗೆ ಅರ್ಧ ಇಂಚಿನ ಬ್ರಷ್ಷು, ಅದ್ದಿದ ಮೇಲೆ ಡಬ್ಬದ ಅಂಚಿಗೆ ಚೆನ್ನಾಗಿ ಒರೆಸಿಕೊಂಡು. ಗೀರಿಗೆ ಗಾಢ ಬಣ್ಣ, ಎಸಳಿನ ಮೈಗೆ ತಿಳಿಬಣ್ಣ ಕೊಟ್ಟರೆ ಕೆತ್ತನೆಯ ಆಳ ಕಾಣುತ್ತದೆ. ಕಂಬ ಕೂರುವ ಕಲ್ಲಿನ ಸಂದಿಗೆ ಪುಟ್ಟಿ ತುಂಬಬೇಡಿ. ಒಳಗೆ ಸೇರಿದ ನೀರು ಅಲ್ಲೇ ನಿಂತು ಬುಡ ಕೊಳೆಯುತ್ತದೆ. ಬಾಗಿಲ ಕೆಳ ಅಂಚನ್ನು ಪೇಂಟರ್‌ಗಳು ಬಿಟ್ಟೇಬಿಡುತ್ತಾರೆ. ತೇವ ಮೊದಲು ಹೊಗುವುದು ಅಲ್ಲಿಂದ, ಬಾಗಿಲು ಕಳಚಿಯಾದರೂ ಬಳಿಸಿ. ಬೀಟೆ ಮರಕ್ಕೆ ಮಾತ್ರ ಎನಾಮಲ್ ಬೇಡವೇ ಬೇಡ. ಅದರೊಳಗಿನ ಎಣ್ಣೆಗೆ ಬಣ್ಣ ಬೇಗ ಒಣಗುವುದಿಲ್ಲ, ಮೇಲಾಗಿ ಬೀಟೆಯನ್ನು ಮುಚ್ಚಲು ಯಾರಿಗಾದರೂ ಮನಸ್ಸು ಹೇಗೆ ಬರುತ್ತದೋ!

ಶೇಡ್ ಕಾರ್ಡ್ ನೋಡಿಯೇ ಬಣ್ಣ ಗೊತ್ತುಮಾಡಬೇಡಿ. 200 ಮಿಲಿಯ ಡಬ್ಬ ತಂದು ಒಂದು ಕಿಟಕಿಗೆ ಬಳಿದು, ಬಿಸಿಲಲ್ಲೂ ಮೋಡದಲ್ಲೂ ನೋಡಿ. ನಮ್ಮ ಮಳೆಗಾಲದ ಮಂಕು ಬೆಳಕಿಗೆ ತಿಳಿನೀಲಿ, ಬೂದು ಬಣ್ಣಗಳು ಕಳೆಗುಂದುತ್ತವೆ. ಸಾಸಿವೆ ಹಳದಿ, ಇಟ್ಟಿಗೆ ಕೆಂಪು, ಗಾಢ ಹಸಿರು ನಿಲ್ಲುತ್ತವೆ. ಸುಣ್ಣದ ಬಿಳಿ, ಚೌಕಟ್ಟಿಗೆ ಹಸಿರು, ಕೆತ್ತನೆಗೆ ಹಳದಿ, ಈ ಮೂರಕ್ಕೆ ನಿಂತರೆ ಚಂದ. ನಾಲ್ಕನೆಯದು ಸೇರಿದರೆ ಜಾತ್ರೆಯ ತೊಟ್ಟಿಲು.

ಕೆಲಸ ಶುರುಮಾಡಲು ಫೆಬ್ರವರಿ, ಮಾರ್ಚ್ ಸರಿ. ಅದಕ್ಕೆ ಮೊದಲು ಅಡಿಕೆ ಕೊಯ್ಲಿನಲ್ಲಿ ಆಳು ಸಿಗುವುದಿಲ್ಲ, ಅಂಗಳದಲ್ಲಿ ಅಡಿಕೆ ಹರವಿರುತ್ತದೆ, ಗೋಡೆಯೂ ಒಳಗೆ ಹಸಿಯಾಗೇ ಇರುತ್ತದೆ. ಪಾಚಿಯಿದ್ದರೆ ಬ್ಲೀಚಿಂಗ್ ಪೌಡರಿನ ನೀರು ಬಳಿದು, ಉಜ್ಜಿ ತೊಳೆದು, ವಾರ ಒಣಗಿಸಿ. ಪಾಚಿಯ ಮೇಲೆ ಬಳಿದ ಬಣ್ಣ ಪಾಚಿಯೊಂದಿಗೇ ಹೋಗುತ್ತದೆ. ಇಬ್ಬನಿ ಆರಿದ ಮೇಲೆ ಮರಕ್ಕೆ ಕೈ ಹಾಕಿ, ಸಂಜೆ ನಾಲ್ಕಕ್ಕೆ ನಿಲ್ಲಿಸಿ. ಮೇ ಕೊನೆಗೆ ಎರಚಲು ಹೊಡೆಯುವ ಕಡೆಗೆ ಸೋಗೆ ಕಟ್ಟುವಾಗ ಅದು ಬಣ್ಣಕ್ಕೆ ತಾಗದಂತೆ ಗೇಣು ಜಾಗ ಬಿಡಿ. ಗಾಳಿಗೆ ಉಜ್ಜಿ ಉಜ್ಜಿ ಹೊಸ ಎನಾಮಲ್ಲೂ ಕಿತ್ತುಹೋಗುತ್ತದೆ.