ಐದು ಪಟ್ಟಿ, ಒಂದು ಚೂರು ಹತ್ತಿ

ಪೀಣ್ಯದಲ್ಲಿ ನಮ್ಮದು ಮೂರು ಮೋಲ್ಡಿಂಗ್ ಯಂತ್ರಗಳ ಚಿಕ್ಕ ಕಾರ್ಖಾನೆ. ವಿದ್ಯುತ್ ಮೀಟರಿನ ಟರ್ಮಿನಲ್ ಮುಚ್ಚಳಗಳನ್ನು ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್‌ನಲ್ಲಿ ಮಾಡಿಕೊಡುತ್ತೇವೆ. ಹೊಸ ಗಿರಾಕಿಯೊಬ್ಬರು 1.5 ಮಿಲಿಮೀಟರ್ ದಪ್ಪಕ್ಕೆ, ಪ್ಲಾಸ್ಟಿಕ್ ಬೆಂಕಿಯನ್ನು ಹೇಗೆ ತಡೆಯುತ್ತದೆಂದು ನೋಡುವ ಯುಎಲ್ 94 ಪರೀಕ್ಷೆಯಲ್ಲಿ ವಿ-0 ದರ್ಜೆಯ ವರದಿ ಬೇಕೇ ಬೇಕು ಎಂದು ಪಟ್ಟು ಹಿಡಿದರು. ಕರಗಿಸುವ ಪ್ಲಾಸ್ಟಿಕ್ ಹರಳು ಮಾರುವವರು ಕೊಟ್ಟ ಕಾಗದದಲ್ಲಿ ವಿ-0 ಎಂದು ದಪ್ಪಕ್ಷರದಲ್ಲೇ ಅಚ್ಚಾಗಿರುವಾಗ ಇದೆಂಥ ದಂಡದ ಖರ್ಚು ಎಂದು ಗೊಣಗುತ್ತಲೇ ಒಂದು ಖಾಸಗಿ ಪ್ರಯೋಗಾಲಯದ ಮೆಟ್ಟಿಲು ಹತ್ತಿದೆ. ಅದರ ಹೆಸರು ಬರೆಯುವುದಿಲ್ಲ. ಹೊಗಳುವುದರ ಜೊತೆಗೆ ಬೈಯುವುದೂ ಇದೆ.

ಬೈಯುವುದನ್ನು ಮೊದಲು ಮುಗಿಸುತ್ತೇನೆ. ಫೋನಿನಲ್ಲಿ 'ಸ್ಯಾಂಪಲ್ ತನ್ನಿ' ಎಂದಷ್ಟೇ ಹೇಳಿದ್ದರು. ಚೀಲದ ತುಂಬ ಮುಚ್ಚಳಗಳನ್ನು ಒಯ್ದರೆ, ಕೌಂಟರಿನಲ್ಲಿದ್ದವರು ತೆರೆದೂ ನೋಡದೆ ಈಚೆಗೆ ತಳ್ಳಿದರು. 125 ಮಿಲಿಮೀಟರ್ ಉದ್ದ, 13 ಮಿಲಿಮೀಟರ್ ಅಗಲದ ಪಟ್ಟಿಗಳೇ ಆಗಬೇಕಂತೆ. ಅದಕ್ಕೆಂದೇ ಒಂದು ಡೈ ಮಾಡಿಸಿದೆ. ಪಟ್ಟಿ ಕೊಟ್ಟ ಮೇಲೆ ಮೂರನೇ ದಿನ ಫೋನು ಮಾಡಿದರೆ, 'ಓವನ್‌ನಲ್ಲಿವೆ ಸರ್' ಎಂಬ ಉತ್ತರ. ಐದು ಪಟ್ಟಿಗಳನ್ನು 23 ಡಿಗ್ರಿಯಲ್ಲಿ 48 ಗಂಟೆ ಇಡಬೇಕು, ಇನ್ನೈದನ್ನು 70 ಡಿಗ್ರಿಯಲ್ಲಿ ಏಳು ದಿನ ಹದ ಮಾಡಬೇಕು. ನಿಯಮ ಅವರು ಮಾಡಿದ್ದಲ್ಲ, ಒಪ್ಪುತ್ತೇನೆ. ಮೊದಲ ದಿನವೇ ಬಾಯಿಬಿಟ್ಟು ಹೇಳಲು ಏನಾಗಿತ್ತು?

ಇನ್ನು ಹೊಗಳುವ ಸರದಿ. 'ನಾನೂ ನಿಂತು ನೋಡಬಹುದೇ?' ಎಂದು ಕೇಳಿದ್ದಕ್ಕೆ ಒಳಗೆ ಬಿಟ್ಟರು, ಕಣ್ಣಿಗೆ ಕನ್ನಡಕವನ್ನೂ ಕೊಟ್ಟರು. ಪರೀಕ್ಷೆ ಮಾಡುತ್ತಿದ್ದವಳು ಇಪ್ಪತ್ತೈದು ದಾಟಿರದ ಹುಡುಗಿ. ಗಾಳಿ ಆಡಬಾರದೆಂದು ಹೊಗೆ ಎಳೆಯುವ ಫ್ಯಾನನ್ನು ನಿಲ್ಲಿಸಿ, ಪಟ್ಟಿಯನ್ನು ಗೋಡೆಗೆ ನೇತುಹಾಕಿದ ಕ್ಯಾಲೆಂಡರಿನಂತೆ ನೆಟ್ಟಗೆ ಇಳಿಬಿಟ್ಟಳು. ಸರಿಯಾಗಿ 300 ಮಿಲಿಮೀಟರ್ ಕೆಳಗೆ ಒಂದು ಚೂರು ಹತ್ತಿ. ದೇವರ ಮನೆಯ ಬತ್ತಿಗೆ ಹೊಸೆಯುವಂಥದ್ದೇ. 20 ಮಿಲಿಮೀಟರ್ ಎತ್ತರದ ನೀಲಿ ಜ್ವಾಲೆಯನ್ನು ಪಟ್ಟಿಯ ತುದಿಗೆ ಹತ್ತು ಸೆಕೆಂಡು ಹಿಡಿದು ತೆಗೆದಳು. ಬೆಂಕಿ ಆರುವವರೆಗೆ ಎಣಿಕೆ, ಆರಿದೊಡನೆ ಮತ್ತೆ ಹತ್ತು ಸೆಕೆಂಡು. ವಿ-0 ಸಿಗಬೇಕಾದರೆ ಪ್ರತಿ ಸಲವೂ ಹತ್ತು ಸೆಕೆಂಡಿನೊಳಗೆ ಆರಬೇಕು, ಐದು ಪಟ್ಟಿಗಳ ಒಟ್ಟು ಲೆಕ್ಕ ಐವತ್ತನ್ನು ಮೀರಬಾರದು.

ಮೊದಲೆರಡು ಪಟ್ಟಿಗಳು ಎರಡು ಮೂರು ಸೆಕೆಂಡಿಗೇ ತಣ್ಣಗಾದವು. ನಾನು ಮನಸ್ಸಿನಲ್ಲೇ ಗಿರಾಕಿಗೆ ಬಿಲ್ಲು ಬರೆಯತೊಡಗಿದ್ದೆ. ಮೂರನೆಯದರ ಎರಡನೇ ಸುತ್ತಿನಲ್ಲಿ ತುದಿ ಮೆತ್ತಗಾಗಿ ಜೋತುಬಿತ್ತು. ಉರಿಯುವ ಒಂದು ಹನಿ, ಸಾಸಿವೆಗಿಂತ ಸ್ವಲ್ಪ ದಪ್ಪ ಇದ್ದೀತು, ಕಳಚಿ ಬಿತ್ತು. ಹತ್ತಿ ಭಗ್ಗೆಂದಿತು. ಪಟ್ಟಿ ಅಷ್ಟರಲ್ಲಿ ಆರಿಯೇ ಹೋಗಿತ್ತು.

'ವಿ-2 ಸರ್' ಎಂದಳು. ವಿ-0ಗಿಂತ ಕೆಳಗಿನ ದರ್ಜೆ.

'ಬೇಗ ಆರಿತಲ್ಲಮ್ಮಾ?'

'ಆರಿತು ಸರ್. ಆದರೆ ಕೆಳಗಿನದಕ್ಕೆ ಹಚ್ಚಿಬಿಟ್ಟಿತು.'

ನಾಲ್ಕು, ಐದನೆಯವೂ ಅದೇ ದಾರಿ ಹಿಡಿದವು. ಆಮೇಲೆ ಹರಳಿನವರ ಕಾಗದವನ್ನು ಕೇಳಿ ಪಡೆದು, ವಿ-0 ಪಕ್ಕದಲ್ಲಿ ಇರುವೆ ಸಾಲಿನಷ್ಟು ಚಿಕ್ಕದಾಗಿದ್ದ '3.0 ಮಿಮೀ'ಯ ಮೇಲೆ ಬೆರಳಿಟ್ಟಳು. ಆ ದರ್ಜೆ ಅದಕ್ಕಿಂತ ತೆಳುವಾದುದಕ್ಕೆ ಸಲ್ಲುವುದಿಲ್ಲ. ತೆಳು ಪಟ್ಟಿ ಬೇಗ ಕಾದು ಕರಗುತ್ತದೆ, ತೊಟ್ಟಿಕ್ಕುತ್ತದೆ. ಇಪ್ಪತ್ತು ವರ್ಷದಿಂದ ಪ್ಲಾಸ್ಟಿಕ್ ಕರಗಿಸುತ್ತಿರುವ ನನಗೆ ಈ ಪಾಠ ಆಗಬೇಕಾಗಿತ್ತು.

ಅದೇ ಹರಳಿನಿಂದ ಮಾಡಿದ ಮುಚ್ಚಳ ಗ್ಲೋ ವೈರ್ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಯಿತು. ಇಲ್ಲಿ ಜ್ವಾಲೆ ಇಲ್ಲ, 650 ಡಿಗ್ರಿಗೆ ಕಾದ ತಂತಿಯ ತುದಿಯನ್ನು ಮುಚ್ಚಳಕ್ಕೇ ಮೂವತ್ತು ಸೆಕೆಂಡು ಒತ್ತುತ್ತಾರೆ. ಹೊಗೆ ಬಂತು, ಒಂದು ಕಪ್ಪು ಗುಳಿ ಬಿತ್ತು, ಮುಗಿಯಿತು. ಗಿರಾಕಿ ಕೇಳಿದ್ದು ಇದನ್ನಲ್ಲ ಎಂಬುದೇ ಸಂಕಟ.

ವರದಿಯಲ್ಲಿ ನಮ್ಮ ಕಾರ್ಖಾನೆಯ ಹೆಸರು ತಪ್ಪಾಗಿತ್ತು. ತಿದ್ದಿಸಲು ಎರಡು ಸಲ ಅಲೆದೆ. ಫೋಟೋಗಳಂತೂ ಮಂಜಿನಲ್ಲಿ ತೆಗೆದ ಹಾಗಿವೆ. ಆದರೂ 'ಹೇಗಾದರೂ ವಿ-0 ಮಾಡಿಕೊಡಿ' ಎಂದು ಹಿಂಬಾಗಿಲಿನ ಮಾತಾಡಲು ಹೋದ ನನ್ನನ್ನು ಒಂದೇ ಮಾತಿನಲ್ಲಿ ನಯವಾಗಿ ಹೊರಗೆ ಕಳಿಸಿದರಲ್ಲ, ಆ ಒಂದಕ್ಕೇ ಐದರಲ್ಲಿ ನಾಲ್ಕು ಕೊಡುತ್ತೇನೆ. ಉಳಿದ ಒಂದು ಕೌಂಟರಿನವರ ಲೆಕ್ಕಕ್ಕೆ ಕಡಿತ.

ಈಗ 1.5 ಮಿಲಿಮೀಟರಿಗೇ ವಿ-0 ಇರುವ ಬೇರೆ ಗ್ರೇಡಿನ ಹರಳು ತರಿಸಿದ್ದೇನೆ. ಕಿಲೋಗೆ ಬೆಲೆ ಜಾಸ್ತಿ. ಹೊಸ ಪಟ್ಟಿಗಳು ಓವನ್‌ನಲ್ಲಿವೆ, ಗುರುವಾರ ಬನ್ನಿ ಎಂದಿದ್ದಾರೆ.