ಹಳೇ ಆಪರೇಷನ್ ಬಗ್ಗೆ ಮೊದಲು ಕೇಳಿದ ಸ್ಕ್ಯಾನ್ ಸೆಂಟರ್

ಕಳೆದ ತಿಂಗಳು ಅಪ್ಪನನ್ನು ಕಾಪುವಿನಿಂದ ಮಂಗಳೂರಿಗೆ ಕರೆದುಕೊಂಡು ಬಂದು ಇಲ್ಲಿ ಹೊಟ್ಟೆಯ ಸಿ.ಟಿ. ಮಾಡಿಸಿದೆವು. ಐದರಲ್ಲಿ ನಾಲ್ಕು ಸ್ಟಾರ್ ಕೊಡ್ತೇನೆ.

ಅಪ್ಪನಿಗೆ 2013ರಲ್ಲಿ ಕ್ಯಾನ್ಸರ್ ಆಗಿ ಎಡಗಡೆಯ ಕಿಡ್ನಿ ತೆಗೆದಿದ್ದರು. ಆಮೇಲೆ ಆರಾಮಾಗಿಯೇ ಇದ್ದರು, ನಾವೂ ಅದನ್ನು ಮರೆತೇ ಬಿಟ್ಟಿದ್ದೆವು. ಈಗ ಗ್ಯಾಸ್ ತೊಂದರೆ ಅಂತ ಅಲ್ಟ್ರಾಸೌಂಡ್ ಮಾಡಿಸಿದಾಗ ಪ್ಯಾಂಕ್ರಿಯಾಸ್‌ನಲ್ಲಿ, ಅಂದರೆ ಮೇದೋಜೀರಕ ಗ್ರಂಥಿಯಲ್ಲಿ, ಸಣ್ಣ ಗಂಟು ಇರಬಹುದು ಅಂದರು. ಮೊದಲು ಬೇರೆ ಒಂದು ಕಡೆ ಸಿ.ಟಿ. ಮಾಡಿಸಿದ್ದೆವು. ಅಲ್ಲಿ ಹಳೇ ಕಾಯಿಲೆ ಯಾರೂ ಕೇಳಲಿಲ್ಲ, ಚಿತ್ರದಲ್ಲಿ ರಕ್ತ ಹರಿಯುವ ಜಾಗ ಎದ್ದು ಕಾಣಲಿ ಅಂತ ಕೊಡುವ ಔಷಧಿ (ಕಾಂಟ್ರಾಸ್ಟ್) ನರಕ್ಕೆ ಚುಚ್ಚಿ ಒಂದೇ ಸಲ ಚಿತ್ರ ತೆಗೆದರು, ಗಂಟು ಸ್ಪಷ್ಟವಾಗಿ ಕಾಣಲೇ ಇಲ್ಲ. ದುಡ್ಡಿಗಿಂತ ಜಾಸ್ತಿ ಬೇಜಾರಾದದ್ದು ಅಪ್ಪ ಎರಡೆರಡು ಸಲ ಸೂಜಿ ಚುಚ್ಚಿಸಿಕೊಳ್ಳಬೇಕಾಯ್ತಲ್ಲ ಅಂತ.

ಇಲ್ಲಿ ಕೌಂಟರಿನಲ್ಲೇ ಕೇಳಿದ್ದು, "ಮೊದಲು ಯಾವುದಾದರೂ ಆಪರೇಷನ್ ಆಗಿದೆಯಾ? ಫೈಲ್ ತಂದಿದ್ದೀರಾ?" ಒಂದೇ ಕಿಡ್ನಿ ಅಂತ ಗೊತ್ತಾದ ಕೂಡಲೇ ಕ್ರಿಯೇಟಿನಿನ್ ರಿಪೋರ್ಟ್ (ಕಿಡ್ನಿ ಹೇಗೆ ಕೆಲಸ ಮಾಡ್ತಿದೆ ಅಂತ ತೋರಿಸುವ ರಕ್ತಪರೀಕ್ಷೆ) ನೋಡಿಯೇ ಮುಂದುವರಿದರು. ಒಳಗೆ ಟೆಕ್ನೀಷಿಯನ್ ಹುಡುಗಿ ಅಪ್ಪನ ಕೈ ಉಜ್ಜಿ ಬಿಸಿ ಮಾಡಿ ನರ ಹುಡುಕಿದರು. "ಔಷಧಿ ಹೋಗುವಾಗ ಮೈಯೆಲ್ಲ ಬಿಸಿ ಆಗ್ತದೆ ಅಂಕಲ್, ಹೆದರಬೇಡಿ" ಅಂದರು. ಮೆಷಿನ್ ಹೇಳುವ ಇಂಗ್ಲಿಷ್ ಅಪ್ಪನಿಗೆ ಅರ್ಥ ಆಗುವುದಿಲ್ಲ ಅಂತ, ಯಾವಾಗ ಉಸಿರು ಹಿಡಿಯಬೇಕು ಅಂತ ತುಳುವಿನಲ್ಲೇ ಎರಡು ಸಲ ಅಭ್ಯಾಸ ಮಾಡಿಸಿದರು. ಅಲ್ಲಿಗೇ ಅಪ್ಪನ ಅರ್ಧ ಹೆದರಿಕೆ ಹೋಯಿತು.

ರೇಡಿಯಾಲಜಿಸ್ಟ್ ಡಾಕ್ಟರು ನಮ್ಮನ್ನು ಕರೆದು ಸ್ಕ್ರೀನ್ ತೋರಿಸಿದ್ದು ನಾನು ಮರೆಯುವುದಿಲ್ಲ. ಔಷಧಿ ಚುಚ್ಚಿ ಸುಮಾರು 40 ಸೆಕೆಂಡಿಗೆ ತೆಗೆದ ಚಿತ್ರದಲ್ಲಿ ಗ್ರಂಥಿಯ ಬಾಲದ ಕಡೆ ಕಡಲೆಕಾಳಿನಷ್ಟು ಒಂದು ಚುಕ್ಕೆ ಬೆಳ್ಳಗೆ ಹೊಳೀತಾ ಇತ್ತು. 70 ಸೆಕೆಂಡಿನ ಚಿತ್ರದಲ್ಲಿ ಅದೇ ಜಾಗ ನೋಡಿದರೆ ಸುತ್ತಲಿನ ಬಣ್ಣದಲ್ಲೇ ಸೇರಿಹೋಗಿತ್ತು, ಹುಡುಕಿದರೂ ಸಿಗುವ ಹಾಗಿರಲಿಲ್ಲ. ಮೊದಲ ಸ್ಕ್ಯಾನಿನಲ್ಲಿ ಯಾಕೆ ಕಾಣಲಿಲ್ಲ ಅಂತ ಆಗ ಅರ್ಥ ಆಯಿತು.

ಕಿಡ್ನಿಯಿಂದ ಪ್ಯಾಂಕ್ರಿಯಾಸ್‌ಗೆ ಹರಡಿದ ಕ್ಯಾನ್ಸರಿನ ಗಂಟಿಗೆ ರಕ್ತ ಜಾಸ್ತಿ ಹರಿಯುತ್ತದೆ, ಹಾಗಾಗಿ ಔಷಧಿ ಬೇಗ ಬಂದು ಹೊಳೆಯುತ್ತದಂತೆ. ಪ್ಯಾಂಕ್ರಿಯಾಸ್‌ನಲ್ಲೇ ಹುಟ್ಟುವ ಸಾಮಾನ್ಯ ಕ್ಯಾನ್ಸರ್ ಇದಕ್ಕೆ ಉಲ್ಟಾ, ಹೆಚ್ಚಾಗಿ ಸುತ್ತಲಿಗಿಂತ ಕಪ್ಪಗೆ ಕಾಣುತ್ತದೆ. ಶ್ವಾಸಕೋಶ, ಸ್ತನ, ಕರುಳಿನ ಕ್ಯಾನ್ಸರ್ ಕೂಡ ಇಲ್ಲಿಗೆ ಹರಡಬಹುದು, ಆದರೆ ಕಿಡ್ನಿಯದ್ದು ಹತ್ತು ವರ್ಷ ಕಳೆದ ಮೇಲೂ ಬರುವುದುಂಟು. ಇನ್ನೊಂದು ವಿಷಯ, ನ್ಯೂರೋಎಂಡೋಕ್ರೈನ್ ಅನ್ನುವ ಬೇರೆ ಜಾತಿಯ ಗಡ್ಡೆಯೂ ಹೀಗೆಯೇ ಹೊಳೆಯುತ್ತದೆ. ಚಿತ್ರ ನೋಡಿ ಮಾತ್ರ ಯಾವುದು ಅಂತ ಹೇಳುವುದು ಕಷ್ಟ, ಹಾಗಾಗಿ ಹಳೇ ಫೈಲ್ ಬೇಕೇ ಬೇಕು ಅಂದರು. ಆಮೇಲೆ ಎಂಡೋಸ್ಕೋಪಿ ಮೂಲಕ ಸೂಜಿ ಹಾಕಿ ಚೂರು ತೆಗೆದು ನೋಡಿದಾಗ ಕಿಡ್ನಿಯದ್ದೇ ಅಂತ ಖಚಿತ ಆಯಿತು.

ಒಂದು ಸ್ಟಾರ್ ಕಡಿಮೆ ಮಾಡಿದ್ದು ರಿಪೋರ್ಟಿಗೆ. ಸಂಜೆ ಕೊಡ್ತೇವೆ ಅಂದವರು ಕೊಟ್ಟದ್ದು ಮರುದಿನ ಮಧ್ಯಾಹ್ನ. ಊರಿಂದ ಬಂದವರಿಗೆ ಇದು ಸಣ್ಣ ತೊಂದರೆ ಅಲ್ಲ, ಅಲ್ವಾ? ಕೂರುವ ಜಾಗವೂ ಸಾಲುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ಬಂದ ವಯಸ್ಸಾದವರು ಗೋಡೆಗೆ ಒರಗಿ ನಿಂತಿದ್ದರು, ದಯವಿಟ್ಟು ನಾಲ್ಕು ಕುರ್ಚಿ ಹಾಕಿಸಿ.

ಹೋಗುವವರು ಪೇಪರ್ ರಿಪೋರ್ಟ್ ಜೊತೆ ಸಿ.ಡಿ.ಯನ್ನೂ ಕೇಳಿ ತೆಗೆದುಕೊಳ್ಳಿ. ನಮ್ಮ ಸರ್ಜನ್ ಮೊದಲು ಕೈಗೆತ್ತಿಕೊಂಡದ್ದು ಅದನ್ನೇ.